ಕಥೆಗೆ ಮುನ್ನವೇ ಊರು ತೋರಿಸಿದ ಶಂಕರ್‌ನಾಗ್

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿ ಬೆಂಗಳೂರು-ಪುಣೆ ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಿನ ಊರು. 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಹಾಗೂ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರ ಕಲ್ಪನೆಯ ಉತ್ಸವ ರಾಕ್ ಗಾರ್ಡನ್‌ನಿಂದಾಗಿ ಈ ಊರು ನಾಡಿಗೆ ಪರಿಚಿತ. ಇದೇ ಹೆದ್ದಾರಿಯಲ್ಲಿ, ಜನಪದ ಹಿನ್ನೆಲೆಯ ಚಿತ್ರವೊಂದಕ್ಕಾಗಿ ಉತ್ತರ ಕರ್ನಾಟಕದತ್ತ ಹೊರಟಿದ್ದ ಶಂಕರ್‌ನಾಗ್, 1990ರ ಸೆಪ್ಟೆಂಬರ್ 30ರ ನಸುಕಿನಲ್ಲಿ ದಾವಣಗೆರೆ ಬಳಿಯ ಆನಗೋಡಿನಲ್ಲಿ ಅಪಘಾತಕ್ಕೆ ಬಲಿಯಾದರು. ಆಗ ಅವರ ವಯಸ್ಸು ಕೇವಲ 35. ಆ ಚಿತ್ರ, ಚಂದ್ರಶೇಖರ ಕಂಬಾರರ ನಾಟಕವನ್ನು ಆಧರಿಸಿದ ‘ಜೋಕುಮಾರಸ್ವಾಮಿ’.

ಈ ಸೀಮೆಯ ದೊಡ್ಡಾಟದಲ್ಲಿ ಕಥೆ ಥಟ್ಟನೆ ಆರಂಭವಾಗುವುದಿಲ್ಲ. ಮೊದಲು ಗಣಸ್ತುತಿ, ಮದ್ದಳೆಯ ನುಡಿತ. ಬಳಿಕ ರಂಗಕ್ಕೆ ಬಂದ ಪಾತ್ರವನ್ನು ಸಾರಥಿ ಮಾತಿಗೆಳೆದು ಹೆಸರು, ಊರು ವಿಚಾರಿಸುತ್ತಾನೆ. ಅಷ್ಟರಲ್ಲಿ ಬಯಲಲ್ಲಿ ಕುಳಿತವರಿಗೆ ರಾತ್ರಿಯಿಡೀ ನಡೆಯಲಿರುವ ಆಟ ಎಂಥದ್ದೆಂಬುದು ಮನದಟ್ಟಾಗಿರುತ್ತದೆ. ಸಿನಿಮಾದ ಶೀರ್ಷಿಕೆ ಭಾಗದ ಕೆಲಸವೂ ಇದೇ. 1960ರ ‘ಸೈಕೊ’ ಚಿತ್ರದಲ್ಲಿ ಸಾಲ್ ಬಾಸ್ ರೂಪಿಸಿದ, ತೆರೆಯನ್ನು ಸೀಳಿಕೊಂಡು ಓಡುವ ಗೆರೆಗಳೂ ಬರ್ನಾರ್ಡ್ ಹರ್ಮನ್ ಅವರ ತಂತಿವಾದ್ಯಗಳ ಚೀತ್ಕಾರವೂ ಭಯವನ್ನು ಮುಂಗಡವಾಗಿಯೇ ಬಿತ್ತಿದವು. 1962ರ ‘ಡಾ. ನೋ’ ಚಿತ್ರದ ಬಂದೂಕಿನ ನಳಿಕೆಯ ನೋಟ ಪತ್ತೇದಾರಿ ಸಾಹಸದ ಗುರುತೇ ಆಯಿತು. ಹಾಗೆಯೇ ಕನ್ನಡಿಗನೊಬ್ಬ ನಿರ್ದೇಶಿಸಿದ ಕೃತಿಯೊಂದರ ಶೀರ್ಷಿಕೆ, ದೇಶದ ಮನೆಮನೆಗಳಲ್ಲಿ ನೆನಪಾಗಿ ಉಳಿಯಿತು. ಅದು ‘ಮಾಲ್ಗುಡಿ ಡೇಸ್’.

ನಾಗರಕಟ್ಟೆ ಶಂಕರ್ ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡದ ಹೊನ್ನಾವರದಲ್ಲಿ. ಅಣ್ಣ ಅನಂತ್‌ನಾಗ್ ಅವರಂತೆ ಇವರನ್ನೂ ಬೆಳೆಸಿದ್ದು ಮುಂಬೈ. ಬ್ಯಾಂಕ್ ನೌಕರಿಯ ಜೊತೆಯಲ್ಲೇ ಮರಾಠಿ ರಂಗಭೂಮಿಯ ನಂಟು ಬೆಳೆಯಿತು. ಬಾಳಸಂಗಾತಿ ಅರುಂಧತಿ ಅವರ ಪರಿಚಯವಾದದ್ದೂ ರಂಗಭೂಮಿಯಲ್ಲೇ. ಗಿರೀಶ್ ಕಾರ್ನಾಡರು 1978ರಲ್ಲಿ ‘ಒಂದಾನೊಂದು ಕಾಲದಲ್ಲಿ’ ಚಿತ್ರಕ್ಕೆ ಕರೆತಂದಾಗ ಶಂಕರ್‌ಗೆ ಕನ್ನಡ ಚಿತ್ರರಂಗ ಹೊಸದು. ಆ ಪಾತ್ರವೇ ಅವರಿಗೆ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ಶ್ರೇಷ್ಠ ನಟ ಪ್ರಶಸ್ತಿ ತಂದಿತು.

ಬಳಿಕ ಅವರು ಹಿಂದಿರುಗಿ ನೋಡಲಿಲ್ಲ. 1980ರಲ್ಲಿ ‘ಮಿಂಚಿನ ಓಟ’ದ ಮೂಲಕ ನಿರ್ದೇಶಕರಾದರು. ಅದೇ ವರ್ಷದ ‘ಆಟೋ ರಾಜ’ ಅವರನ್ನು ಆಟೋ ಚಾಲಕರ ಆರಾಧ್ಯ ನಾಯಕನನ್ನಾಗಿಸಿತು. 1981ರಲ್ಲಿ ‘ಗೀತಾ’, ತದನಂತರ ರಾಷ್ಟ್ರಪ್ರಶಸ್ತಿ ಪಡೆದ ‘ಆ್ಯಕ್ಸಿಡೆಂಟ್’ ಬಂದವು. ಕಳ್ಳರ ಓಟ, ಪ್ರೇಮದ ವಿಷಾದ, ಅಧಿಕಾರಸ್ಥರ ಮನೆಯ ಅಪರಾಧ: ಒಂದರಂತೆ ಇನ್ನೊಂದಿಲ್ಲ. 12 ವರ್ಷಗಳಲ್ಲಿ ಸುಮಾರು 80 ಚಿತ್ರಗಳಲ್ಲಿ ನಟಿಸುತ್ತಲೇ ಅವರು ‘ಸಂಕೇತ್’ ತಂಡದಿಂದ ನಾಟಕಗಳನ್ನೂ ಆಡಿಸಿದರು.

ಧ್ವನಿಯ ಬಗ್ಗೆ ಅವರಿಗಿದ್ದ ಕಾಳಜಿಗೆ ಸಾಕ್ಷಿ ಸಂಕೇತ್ ಸ್ಟುಡಿಯೊ. ಧ್ವನಿಮುದ್ರಣಕ್ಕೆ ಕನ್ನಡ ಚಿತ್ರೋದ್ಯಮ ಮದರಾಸನ್ನು ಅವಲಂಬಿಸಿದ್ದ ಕಾಲದಲ್ಲಿ, ದುಡಿದ ಹಣವನ್ನು ತೊಡಗಿಸಿ ಬೆಂಗಳೂರಿನಲ್ಲಿ ಅವರು ಈ ಎಲೆಕ್ಟ್ರಾನಿಕ್ ಧ್ವನಿಮುದ್ರಣ ವ್ಯವಸ್ಥೆಯನ್ನು ಕಟ್ಟಿದರು.

ನಿರ್ಮಾಪಕ ಟಿ.ಎಸ್. ನರಸಿಂಹನ್ ಅವರೊಂದಿಗೆ ‘ಮಾಲ್ಗುಡಿ ಡೇಸ್’ ಕೈಗೆತ್ತಿಕೊಂಡಾಗ ಎದುರಿಗಿದ್ದ ಸವಾಲು ಸಣ್ಣದಲ್ಲ. 1965ರ ಹಿಂದಿಯ ‘ಗೈಡ್’ ಚಿತ್ರ ಮಾಲ್ಗುಡಿಯನ್ನು ಉತ್ತರ ಭಾರತದ ನಗರಗಳಿಗೆ ಸಾಗಿಸಿದ್ದು ಕಾದಂಬರಿಕಾರ ಆರ್.ಕೆ. ನಾರಾಯಣ್ ಅವರಿಗೆ ನೋವು ತಂದಿತ್ತು. ನಕ್ಷೆಯಲ್ಲಿಲ್ಲದ ಊರನ್ನು, ಅದರ ದಕ್ಷಿಣದ ಚಹರೆ ಕೆಡದಂತೆ, ಹಿಂದಿ ಮಾತಾಡುವ ಪ್ರೇಕ್ಷಕರಿಗೂ ನಂಬಿಸಬೇಕಿತ್ತು.

ಆ ನಂಬಿಕೆ ಮೂಡಿದ್ದು ಶೀರ್ಷಿಕೆಯಲ್ಲೇ. ತೆರೆಯ ಮೇಲೆ ಬಂದದ್ದು ನಾರಾಯಣ್ ಅವರ ತಮ್ಮ, ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು. ಅಣ್ಣನ ಕಥೆಗಳಿಗೆ ಪತ್ರಿಕೆಯ ಪುಟಗಳಲ್ಲಿ ಬಹುಕಾಲ ಚಿತ್ರ ಬರೆದಿದ್ದ ಕೈಯೇ ಇಲ್ಲಿಯೂ ಊರನ್ನು ಗೆರೆಗಳಲ್ಲಿ ಕಟ್ಟಿತು. ಜೊತೆಗೆ ಎಲ್. ವೈದ್ಯನಾಥನ್ ಅವರ ರಾಗ. ಅದರಲ್ಲಿ ಪದಗಳೇ ಇಲ್ಲ, ಇರುವುದು ದಾರಿಹೋಕನ ಗುನುಗಿನಂಥ ಸ್ವರ ಮಾತ್ರ. ಹಾಗಾಗಿ ಅದಕ್ಕೆ ಭಾಷೆಯ ಗಡಿ ಎದುರಾಗಲಿಲ್ಲ. ಇದು ಪುರಾಣವಲ್ಲ, ಹೊಡೆದಾಟವೂ ಅಲ್ಲ, ಸಾಮಾನ್ಯರ ಸಣ್ಣಪುಟ್ಟ ಸಂಕಟಗಳ ತಿಳಿನಗೆಯ ಕಥೆ ಎಂಬುದನ್ನು ಗೆರೆ ಮತ್ತು ಸ್ವರಗಳೇ ಸಾರಿಬಿಟ್ಟವು. ದೂರದರ್ಶನವೊಂದೇ ಇದ್ದ ಆ ದಿನಗಳಲ್ಲಿ, ಪಕ್ಕದ ಕೋಣೆಯಲ್ಲಿದ್ದವರನ್ನೂ ಟಿ.ವಿ. ಮುಂದೆ ಕರೆತರಲು ಆ ಧ್ವನಿಯೊಂದೇ ಸಾಕಾಗಿತ್ತು.

ಶೀರ್ಷಿಕೆ ಕೊಟ್ಟ ಮಾತನ್ನು ಚಿತ್ರೀಕರಣ ಉಳಿಸಿಕೊಂಡಿತು. ಆಗುಂಬೆಯ ಬೀದಿಗಳು ಮಾಲ್ಗುಡಿಯಾದವು, ಮಾಸ್ಟರ್ ಮಂಜುನಾಥ್ ಸ್ವಾಮಿಯಾದರು, ಗಿರೀಶ್ ಕಾರ್ನಾಡ್ ಅವನ ತಂದೆಯಾದರು.

ಬೆಂಗಳೂರಿಗೆ ಮೆಟ್ರೊ ರೈಲು ಬೇಕೆಂದು ದಶಕಗಳ ಮುನ್ನವೇ ಹಂಬಲಿಸಿದ್ದ ಶಂಕರ್‌ನಾಗ್‌ಗೆ ಅದನ್ನು ಕಾಣುವ ಆಯುಷ್ಯವಿರಲಿಲ್ಲ. ‘ಜೋಕುಮಾರಸ್ವಾಮಿ’ಯೂ ಅವರ ಪಾಲಿಗೆ ಕೈಗೂಡದೆ ಉಳಿಯಿತು. ಅದೇ ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡಿದ್ದ ಅರುಂಧತಿ ನಾಗ್ ಚೇತರಿಸಿಕೊಂಡು, 2004ರಲ್ಲಿ ಪತಿಯ ಹೆಸರಿನ ‘ರಂಗಶಂಕರ’ದ ಬಾಗಿಲು ತೆರೆದರು. ಧಾರಾವಾಹಿಯಲ್ಲಿ ಮಾಲ್ಗುಡಿ ನಿಲ್ದಾಣವಾಗಿ ಕಾಣಿಸಿಕೊಂಡ ಶಿವಮೊಗ್ಗ ಜಿಲ್ಲೆಯ ಅರಸಾಳಿನ ಹಳೆಯ ರೈಲು ನಿಲ್ದಾಣ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು. ಕೆಲವೇ ಗೆರೆಗಳಲ್ಲಿ, ಪದವಿಲ್ಲದ ಒಂದು ರಾಗದಲ್ಲಿ ಆರಂಭವಾಗುತ್ತಿದ್ದ ಕಾಲ್ಪನಿಕ ಊರಿಗೆ ಕನ್ನಡ ನೆಲದಲ್ಲೊಂದು ನಿಜವಾದ ವಿಳಾಸ ದೊರೆತಿದೆ.