ಎರಡು ಅಂಕದ ಸೋಲು

ನಾವು ಓದುವಾಗ ನಮ್ಮ ಶಾಲೆಯ ಮೈದಾನದಲ್ಲಿ ಬ್ಯಾಸ್ಕೆಟ್‌ಬಾಲ್ ಕಂಬ ಇರಲಿಲ್ಲ. ಕಬಡ್ಡಿ, ಖೋ-ಖೋ, ವಾಲಿಬಾಲ್ ಇಷ್ಟೇ ನಮ್ಮ ಆಟ. ಬಿ.ಇ. ಓದಲು ಹೋದಾಗ ಹಾಸ್ಟೆಲ್ ಗೆಳೆಯರಿಂದ ವಿಲ್ಟ್ ಚೇಂಬರ್ಲಿನ್ ಎಂಬ ಆಟಗಾರರ ಕಥೆ ಕೇಳಿದೆ. ಅದು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ವಿಲ್ಟ್ 1936ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹುಟ್ಟಿದರು. ಎತ್ತರ ಏಳು ಅಡಿ ಒಂದು ಇಂಚು. 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದರು. ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಆ ದಾಖಲೆಯನ್ನು ಇನ್ನೂ ಯಾರೂ ಮುಟ್ಟಿಲ್ಲ. ಆದರೂ ಬಾಸ್ಟನ್ ಸೆಲ್ಟಿಕ್ಸ್ ತಂಡದ ಬಿಲ್ ರಸೆಲ್ ಎದುರು ಅವರ ತಂಡ ಮತ್ತೆ ಮತ್ತೆ ಸೋಲುತ್ತಿತ್ತು. ಅಂಗಳದಲ್ಲಿ ಎದುರಾಳಿಗಳಾದರೂ ಇಬ್ಬರೂ ಆಪ್ತ ಗೆಳೆಯರು. ಹಬ್ಬಕ್ಕೆ ರಸೆಲ್ ಅವರು ವಿಲ್ಟ್ ಮನೆಗೆ ಊಟಕ್ಕೆ ಹೋಗುವಷ್ಟು ಸಲಿಗೆ.

1969ರ ಫೈನಲ್ ಸರಣಿಯಲ್ಲಿ ವಿಲ್ಟ್ ಲಾಸ್ ಏಂಜಲೀಸ್ ಲೇಕರ್ಸ್ ಪರ ಆಡಿದರು. ಏಳು ಪಂದ್ಯಗಳ ಸರಣಿ 3-3 ಸಮವಾಯಿತು. ಕೊನೆಯ ಪಂದ್ಯ ಲೇಕರ್ಸ್ ತವರಿನಲ್ಲಿ. ಗೆಲುವು ತಮ್ಮದೇ ಎಂದು ತಂಡದ ಮಾಲೀಕರು ಛಾವಣಿಯಲ್ಲಿ ಸಾವಿರಾರು ಬಲೂನು ಕಟ್ಟಿಸಿದ್ದರು. ಆಟ ಮುಗಿಯಲು ಐದಾರು ನಿಮಿಷವಿದ್ದಾಗ ವಿಲ್ಟ್ ಮಂಡಿಗೆ ಪೆಟ್ಟಾಗಿ ಹೊರಬಂದರು. ಸ್ವಲ್ಪ ಹೊತ್ತಿಗೆ ಮತ್ತೆ ಆಡುತ್ತೇನೆಂದರೂ ತರಬೇತುದಾರರು ಒಪ್ಪಲಿಲ್ಲ. ಸೆಲ್ಟಿಕ್ಸ್ 108-106ರಿಂದ ಗೆದ್ದಿತು. ಬಲೂನುಗಳು ಕೆಳಗೆ ಬೀಳಲೇ ಇಲ್ಲ.

ಆ ಪಂದ್ಯದ ನಂತರ ನಿವೃತ್ತರಾದ ರಸೆಲ್, ವಿಲ್ಟ್ ನೋವಿನ ನೆಪದಲ್ಲಿ ಹಿಂದೆ ಸರಿದರೆಂದು ಬಹಿರಂಗವಾಗಿ ಟೀಕಿಸಿದರು. ಆ ಒಂದು ಮಾತಿನಿಂದ 20 ವರ್ಷಕ್ಕೂ ಹೆಚ್ಚು ಕಾಲ ಇಬ್ಬರ ನಡುವೆ ಮಾತಿಲ್ಲ. 1972ರಲ್ಲಿ ವಿಲ್ಟ್ ಗಾಯಗೊಂಡ ಕೈಯಲ್ಲೇ ಆಡಿ ಲೇಕರ್ಸ್‌ಗೆ ಪ್ರಶಸ್ತಿ ಗೆದ್ದುಕೊಟ್ಟರು. ಕೊನೆಗೆ ರಸೆಲ್ ಕ್ಷಮೆ ಕೇಳಿದರು, ಸ್ನೇಹ ಮರಳಿತು. 1999ರಲ್ಲಿ, 63ನೇ ವಯಸ್ಸಿನಲ್ಲಿ ವಿಲ್ಟ್ ತೀರಿಕೊಂಡಾಗ ಅವರನ್ನು ನೆನೆದು ಮಾತನಾಡಿದವರಲ್ಲಿ ರಸೆಲ್ ಕೂಡ ಇದ್ದರು.

ಇದನ್ನು ಇಲ್ಲಿ ಬರೆಯಲು ಕಾರಣವಿದೆ. ಹತ್ತನೇ ತರಗತಿಯಲ್ಲಿ ತಾಲ್ಲೂಕು ಮಟ್ಟದ ಕಬಡ್ಡಿ ಫೈನಲ್‌ನಲ್ಲಿ ನಾವು ಸೋತೆವು. ಕಾಲು ಉಳುಕಿ ಹೊರಗೆ ಕುಳಿತಿದ್ದ ಗೆಳೆಯನನ್ನು ಎಲ್ಲರೆದುರು ಹೇಡಿ ಎಂದು ಹಂಗಿಸಿದೆ. ಮರುದಿನ ಅವನ ಊದಿದ ಕಾಲು ನೋಡಿಯೂ ತಪ್ಪಾಯಿತು ಎನ್ನಲಿಲ್ಲ. ಅಂದಿನಿಂದ ಮಾತು ನಿಂತಿದೆ. ಸುವರ್ಣ ಮಹೋತ್ಸವಕ್ಕೆ ಅವನೂ ಬರುತ್ತಾನಂತೆ. ಈ ಸಲ ನಾನೇ ಮೊದಲು ಹೋಗಿ ಮಾತಾಡಿಸುತ್ತೇನೆ.