ಸುಬ್ರೊತೊ ಕಪ್ಪಿನ ಸುಬ್ರೊತೊ ಯಾರು?

ಅಕ್ಕಲಕೋಟೆಯ ನನ್ನ ಅಂಗಡಿಗೆ ಬರುವ ಹೈಸ್ಕೂಲ್ ಹುಡುಗನೊಬ್ಬ ಸುಬ್ರೊತೊ ಅಂದ್ರೆ ಹಳೇ ಫುಟ್‌ಬಾಲ್ ಆಟಗಾರ ಅಂದುಕೊಂಡಿದ್ದ. ಊರಿನ ನಮ್ಮ ಬ್ಯಾರಿ ಹುಡುಗರಲ್ಲೂ ಕೆಲವರು ಹಾಗೇ ಅಂದುಕೊಂಡಿರಬಹುದು. ಅವರು ನಮ್ಮ ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥ, ಏರ್ ಮಾರ್ಷಲ್ ಸುಬ್ರೊತೊ ಮುಖರ್ಜಿ.

ಹುಟ್ಟಿದ್ದು 1911ರ ಮಾರ್ಚ್ 5ರಂದು, ಕಲ್ಕತ್ತದಲ್ಲಿ. ಇಂಗ್ಲೆಂಡಿನ ಕ್ರ್ಯಾನ್‌ವೆಲ್‌ನಲ್ಲಿ ವಾಯುಪಡೆಯ ತರಬೇತಿಗೆ ಮೊದಲು ಆಯ್ಕೆಯಾದ ಆರು ಭಾರತೀಯರಲ್ಲಿ ಇವರೂ ಒಬ್ಬರು. ಅದೇ ತಂಡದಲ್ಲಿ ಅವಾನ್ ಎಂಬ ಮುಸ್ಲಿಂ ಯುವಕರೂ ಇದ್ದರು. 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡ್‌ನಲ್ಲಿ ನಾಲ್ಕು ವಪಿಟಿ ವಿಮಾನಗಳೊಂದಿಗೆ ನಂಬರ್ 1 ಸ್ಕ್ವಾಡ್ರನ್ ಶುರುವಾಯಿತು. ಆಗ ಇಡೀ ವಾಯುಪಡೆ ಅಂದರೆ ಅಷ್ಟೇ! 1939ರಲ್ಲಿ ಮುಖರ್ಜಿ ಅದರ ನಾಯಕರಾದರು. ವಾಯವ್ಯ ಗಡಿಯಲ್ಲಿ ಮುತ್ತಿಗೆಗೆ ಸಿಕ್ಕ ಸೈನಿಕರಿಗೆ ಗುಂಡು ಮುಗಿದಾಗ, ತಮ್ಮ ವಿಮಾನದ ಗುಂಡುಗಳನ್ನೇ ತೆಗೆದು ಕಾಲುಚೀಲಕ್ಕೆ ತುಂಬಿಸಿ ಕೆಳಗೆ ಹಾಕಿದವರು ಇವರು. ಮುಂದೆ ಕೊಹಾಟ್ ನೆಲೆಗೂ ಮುಖ್ಯಸ್ಥರಾದರು.

ಆಮೇಲೆ 1947. ಪಾಲುದಾರಿಕೆ ಮುರಿದಾಗ ಲೆಕ್ಕ ಎಷ್ಟು ಕಷ್ಟ ಅಂತ ವ್ಯಾಪಾರಿಗೆ ಗೊತ್ತು. ಅವರು ಶುರು ಮಾಡಿದ ಡ್ರಿಗ್ ರೋಡ್, ಅವರೇ ನಡೆಸಿದ ಕೊಹಾಟ್, ಎರಡೂ ಪಾಕಿಸ್ತಾನಕ್ಕೆ ಹೋದವು. ಜೊತೆಗಿದ್ದ ಅಧಿಕಾರಿಗಳೂ ಹಂಚಿಹೋದರು. ಹೈದರಾಬಾದಿನ ಇದ್ರೀಸ್ ಹಸನ್ ಲತೀಫ್ ಮಾತ್ರ ಇಲ್ಲೇ ಉಳಿದರು. 1978ರಲ್ಲಿ ವಾಯುಪಡೆಯ ಮೊದಲ ಮುಸ್ಲಿಂ ಮುಖ್ಯಸ್ಥರಾದರು, ನಂತರ ನಾನು ದುಡಿಯುವ ಈ ಮಹಾರಾಷ್ಟ್ರಕ್ಕೆ ರಾಜ್ಯಪಾಲರೂ ಆದರು. ಅವರದ್ದೇ ಒಂದು ದೊಡ್ಡ ಕಥೆ, ಇನ್ನೊಮ್ಮೆ ಬರೀತೇನೆ.

ಭೂಸೇನೆಗೆ 1949ರಲ್ಲೇ ನಮ್ಮ ಕೊಡಗಿನ ಕಾರ್ಯಪ್ಪ ಮುಖ್ಯಸ್ಥರಾದರು. ವಾಯುಪಡೆ ಮಾತ್ರ ಇನ್ನೂ ಐದು ವರ್ಷ ಕಾಯಬೇಕಾಯಿತು. ಮೂವರು ಬ್ರಿಟಿಷ್ ಅಧಿಕಾರಿಗಳ ಸರದಿ ಮುಗಿದ ಮೇಲೆ, 1954ರ ಏಪ್ರಿಲ್ 1ರಂದು ಮುಖರ್ಜಿ ಕಮಾಂಡರ್-ಇನ್-ಚೀಫ್ ಆದರು. ಮರುವರ್ಷ ಆ ಹೆಸರು ಹೋಗಿ ವಾಯುಸೇನಾ ಮುಖ್ಯಸ್ಥ ಎಂದಾಯಿತು. ಸರ್ವೋಚ್ಚ ದಂಡನಾಯಕರು ರಾಷ್ಟ್ರಪತಿ ತಾನೇ.

ಈ ಹುದ್ದೆಯಲ್ಲಿ ಕುಳಿತವರ ಕೆಲಸ ವಿಮಾನ ಹಾರಿಸುವುದಲ್ಲ. ಯಾವ ವಿಮಾನ ಬೇಕು, ಪೈಲಟ್‌ಗಳನ್ನು ಹೇಗೆ ತಯಾರು ಮಾಡೋದು, ಸರ್ಕಾರಕ್ಕೆ ಏನು ಸಲಹೆ ಕೊಡೋದು, ಇದೆಲ್ಲ ಅವರ ತಲೆಮೇಲೆ. ಕ್ಯಾನ್‌ಬೆರಾ, ಹಂಟರ್, ಮಿಸ್ಟೇರ್ ಬಂದದ್ದು ಇವರ ಕಾಲದಲ್ಲಿ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ನ್ಯಾಟ್ ತಯಾರಿಸುವ ಒಪ್ಪಂದ ಆದದ್ದೂ ಆಗಲೇ.

1960ರ ನವೆಂಬರ್ 8. ಏರ್ ಇಂಡಿಯಾ ವಿಮಾನದಲ್ಲಿ ಇವರು ಟೋಕಿಯೊಗೆ ಹೋಗಿದ್ದರು. ಅಲ್ಲಿ ಊಟ ಮಾಡುವಾಗ ತುತ್ತೊಂದು ಶ್ವಾಸನಾಳದಲ್ಲಿ ಸಿಕ್ಕಿ ತೀರಿಕೊಂಡರು. ವಯಸ್ಸು ಬರೀ 49. ಪತ್ನಿ ಶಾರದಾ ಮರಾಠಿ ಮನೆತನದವರು. 1962ರಲ್ಲಿ ಇದೇ ಮಹಾರಾಷ್ಟ್ರದ ರತ್ನಾಗಿರಿಯಿಂದ ಗೆದ್ದು ಲೋಕಸಭೆಗೆ ಹೋದರು. ಶಾಲಾ ಮಕ್ಕಳ ಆ ಫುಟ್‌ಬಾಲ್ ಕಪ್ ಶುರುವಾದದ್ದು ಮುಖರ್ಜಿ ತೀರಿಕೊಂಡ ಅದೇ 1960ರಲ್ಲಿ.