ಕುರ್ಚಿ ಬಿಟ್ಟುಕೊಟ್ಟ ಮುಖ್ಯಮಂತ್ರಿ ಎಸ್. ಆರ್. ಕಂಠಿ



ಜುಮೇರಾ ಲೇಕ್ ಟವರ್ಸ್‌ನಲ್ಲಿ ನಾವು ನಾಲ್ಕು ಕನ್ನಡ ಕುಟುಂಬಗಳು ಸೇರಿದರೆ ಊರಿನ ರಾಜಕೀಯದ ಮಾತು ಬಂದೇ ಬರುತ್ತದೆ. ಯಾರು ಯಾರ ಕುರ್ಚಿ ಎಳೆದರು ಎಂಬುದೇ ಹೆಚ್ಚಿನ ಚರ್ಚೆ. ಹಿಡಿದ ಕುರ್ಚಿಯನ್ನು ತಾವಾಗಿ ಬಿಟ್ಟುಕೊಟ್ಟವರೂ ನಮ್ಮ ನಾಡಿನಲ್ಲಿ ಇದ್ದರು ಎಂದರೆ ಮಕ್ಕಳು ನಂಬುವುದಿಲ್ಲ. ಅವರಿಗಾಗಿ ಈ ಸಲ ಎಸ್. ಆರ್. ಕಂಠಿಯವರ ಪರಿಚಯ.

ಶಿವಲಿಂಗಪ್ಪ ರುದ್ರಪ್ಪ ಕಂಠಿಯವರು ಹುಟ್ಟಿದ್ದು 1908ರಲ್ಲಿ, ಬಾದಾಮಿ ಹತ್ತಿರದ ಕೆರೂರಿನಲ್ಲಿ. ಕಾನೂನು ಓದಿದರು, ಸ್ವಾತಂತ್ರ್ಯ ಚಳವಳಿಗೆ ಸೇರಿದರು. 1956ರಲ್ಲಿ ಕನ್ನಡ ನಾಡು ಒಂದಾದ ಮೇಲೆ ವಿಧಾನಸಭೆಯ ಸ್ಪೀಕರ್ ಆಗಿ 1962ರವರೆಗೂ ಆ ಪೀಠದಲ್ಲಿದ್ದರು. ಮುಂಬಯಿ, ಹೈದರಾಬಾದ್, ಹಳೇ ಮೈಸೂರು ಎಂದು ಬೇರೆ ಬೇರೆ ಕಡೆಯಿಂದ ಬಂದ ಶಾಸಕರನ್ನು ಒಂದೇ ಸಭೆಯಲ್ಲಿ ಕೂರಿಸಿ ಮಾತಾಡಿಸುವುದು ಸುಲಭದ ಕೆಲಸವಾಗಿರಲಿಲ್ಲ.

ನಿಜವಾದ ಪರೀಕ್ಷೆ ಬಂದದ್ದು 1962ರ ಚುನಾವಣೆಯಲ್ಲಿ. 208 ಸ್ಥಾನಗಳಲ್ಲಿ ಕಾಂಗ್ರೆಸ್ 138 ಗೆದ್ದಿತು. ಆದರೆ ಮುಖ್ಯಮಂತ್ರಿಯಾಗಬೇಕಿದ್ದ ಎಸ್. ನಿಜಲಿಂಗಪ್ಪನವರೇ ಹೊಸದುರ್ಗದಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದ ಜಿ. ಟಿ. ರಂಗಪ್ಪನವರ ಎದುರು ಸೋತರು! ಪಕ್ಷ ಗೆದ್ದಿದೆ, ನಾಯಕರು ಸೋತಿದ್ದಾರೆ. ಶಾಸಕರಲ್ಲದವರೂ ಆರು ತಿಂಗಳ ಮಟ್ಟಿಗೆ ಮಂತ್ರಿಯಾಗಿರಲು ಸಂವಿಧಾನದಲ್ಲಿ ಅವಕಾಶವಿದೆ, ನಿಜ. ಆದರೆ ಜನ ಆಗಷ್ಟೇ ಬೇಡ ಎಂದವರು ಮರುದಿನವೇ ಪ್ರಮಾಣವಚನ ತೆಗೆದುಕೊಂಡರೆ ಚೆನ್ನಾಗಿ ಕಾಣುತ್ತದೆಯೇ?

ಹುನಗುಂದದಿಂದ ಗೆದ್ದಿದ್ದ ಕಂಠಿಯವರು ಮಾರ್ಚ್ 14ರಂದು ಮುಖ್ಯಮಂತ್ರಿಯಾದರು. ಅತ್ತ ಬಾಗಲಕೋಟೆಯ ಶಾಸಕ ಬಿ. ಟಿ. ಮುರನಾಳರು ರಾಜೀನಾಮೆ ಕೊಟ್ಟು ಸ್ಥಾನ ತೆರವು ಮಾಡಿದರು. ಅಲ್ಲಿಂದ ನಿಜಲಿಂಗಪ್ಪನವರು ಅವಿರೋಧವಾಗಿ ಆಯ್ಕೆಯಾಗಿ ಬಂದರು. (ಮುರನಾಳರನ್ನು ಯಾರೂ ನೆನೆಯುವುದಿಲ್ಲ, ಅವರು ಬಿಟ್ಟದ್ದೂ ಸಣ್ಣದಲ್ಲ.) ಜೂನ್ 20ಕ್ಕೆ ಕಂಠಿಯವರು ಇಳಿದರು, ಮರುದಿನ ನಿಜಲಿಂಗಪ್ಪನವರು ಅಧಿಕಾರ ವಹಿಸಿಕೊಂಡರು. ನೂರು ದಿನವೂ ತುಂಬಿರಲಿಲ್ಲ.

ನಮ್ಮ ಸಾಫ್ಟ್‌ವೇರ್ ಆಫೀಸುಗಳಲ್ಲಿ ಮ್ಯಾನೇಜರ್ ರಜೆಗೆ ಹೋದಾಗ ಎರಡು ವಾರ ಜವಾಬ್ದಾರಿ ಸಿಕ್ಕಿದರೂ ವಾಪಸ್ ಕೊಡುವಾಗ ಮನಸ್ಸು ಸ್ವಲ್ಪ ಹಿಂಜರಿಯುತ್ತದೆ ಅಲ್ಲವೇ? ಇಲ್ಲಿ ಕೈಯಲ್ಲಿದ್ದದ್ದು ಒಂದು ರಾಜ್ಯ, ಹಿಂದೆ ಸ್ಪಷ್ಟ ಬಹುಮತ. ಬಣ ರಾಜಕೀಯ ಆಗಲೂ ಕಡಿಮೆ ಇರಲಿಲ್ಲ. ಕಂಠಿಯವರು ಬರೀ ಮುಖವಾಡದ ಮುಖ್ಯಮಂತ್ರಿ ಎನ್ನುವವರಿದ್ದಾರೆ, ನಮಗೆ ಹಾಗನ್ನಿಸುವುದಿಲ್ಲ. ಕೊಟ್ಟ ಮಾತು ತಪ್ಪಲು ಬೇಕಾದದ್ದೆಲ್ಲ ಅವರ ಬಳಿ ಇತ್ತು.

ಮುಂದೆ ಅದೇ ನಿಜಲಿಂಗಪ್ಪನವರ ಸಂಪುಟದಲ್ಲಿ ಅವರು ಶಿಕ್ಷಣ ಮಂತ್ರಿಯಾಗಿ ದುಡಿದರು. 1963ರಲ್ಲಿ ಬಿಜಾಪುರದಲ್ಲಿ ಸೈನಿಕ ಶಾಲೆ ಶುರುವಾದದ್ದು ಆ ಕಾಲದಲ್ಲೇ. 1968ರಲ್ಲಿ ನಿಜಲಿಂಗಪ್ಪನವರು ರಾಜ್ಯ ಬಿಟ್ಟು ಅಖಿಲ ಭಾರತ ಕಾಂಗ್ರೆಸ್‌ನ ಹೊಣೆಗೆ ಹೋದಾಗ ಮುಖ್ಯಮಂತ್ರಿ ಸ್ಥಾನ ವೀರೇಂದ್ರ ಪಾಟೀಲರಿಗೆ ಹೋಯಿತು. ಕಂಠಿಯವರಿಗೆ ಅದು ಮತ್ತೆ ಸಿಗಲಿಲ್ಲ. 1969ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು.

ನಮ್ಮ ನಡುವೆ ಬಿಜಾಪುರದ ಸೈನಿಕ ಶಾಲೆಯಲ್ಲಿ ಓದಿದವರು, ಹುನಗುಂದ, ಬಾದಾಮಿ ಕಡೆಯವರು ಇದ್ದರೆ ಮುಂದಿನ ಸಲ ಸೇರಿದಾಗ ಮನೆಯ ಹಿರಿಯರಿಂದ ಕೇಳಿದ್ದನ್ನು ಮಕ್ಕಳಿಗೆ ಹೇಳಿ.